ಓದದೆ ಹಾಕಿದ ಸಹಿ

ಕರೋಲ್ ಬಾಗಿನ ಒಂದು ಗಲ್ಲಿಯಲ್ಲಿ ಕೂಲರಿಗೆ ಲಾವಂಚದ ತಟ್ಟಿ ಮಾರುವ ಅಂಗಡಿಯಿದೆ. ಕಳೆದ ವಾರ ಅಲ್ಲಿಗೆ ಹೋಗಿದ್ದೆ. ನಮ್ಮ ಮಯೂರ್ ವಿಹಾರದಲ್ಲೂ ತಟ್ಟಿ ಸಿಗುತ್ತದೆ, ಆದರೆ ಅದು ಬರೀ ಮರದ ಸಿಪ್ಪೆ. ನೀರು ಬಿದ್ದರೆ ಒದ್ದೆ ಗೋಣಿಚೀಲದ ವಾಸನೆ. ಅಂಗಡಿಯವನು ತನ್ನ ಮಾಲು ಸಾಚಾ ಎಂದು ತೋರಿಸಲು ತಟ್ಟಿಯ ಮೇಲೆ ಒಂದು ಮಗ್ ನೀರು ಸುರಿದ. ಲಾವಂಚದ ವಾಸನೆ ಗಪ್ಪನೆ ಎದ್ದಿತು. ನನ್ನ ಹಲ್ಲು ತಾನಾಗಿಯೇ ಕಚ್ಚಿಕೊಂಡಿತು. ಬೇರೆಯವರಿಗೆ ಲಾವಂಚ ಎಂದರೆ ತಂಪು. ನನಗೆ ಅದು ಒಬ್ಬ ಮನುಷ್ಯನ ಮೇಲಿನ ಸಿಟ್ಟು.

ತಟ್ಟಿಯ ಅಳತೆ ಹೇಳುತ್ತಿರುವಾಗ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರೆ ಅದೇ ಮನುಷ್ಯನ ಹೆಸರು. ಚಂದ್ರಶೇಖರ್ ಸರ್. ಮೂರು ವರ್ಷದಲ್ಲಿ ಒಂದು ಹಬ್ಬಕ್ಕೂ ಫೋನು ಮಾಡದವರು. ನನಗೇನೂ ಆಶ್ಚರ್ಯವಾಗಲಿಲ್ಲ, ಏಕೆಂದರೆ ಎರಡು ದಿನ ಮೊದಲೇ ಗೆಳತಿ ಕಮಲೇಶ್ ಸುದ್ದಿ ಮುಟ್ಟಿಸಿದ್ದಳು: "ತೇರಾ ಪುರಾನಾ ಸಾಹಬ್ ತುಝೆ ಢೂಂಢ್ ರಹಾ ಹೈ." ನಿನ್ನ ಹಳೇ ಸಾಹೇಬ ನಿನ್ನನ್ನು ಹುಡುಕುತ್ತಿದ್ದಾನೆ ಅಂತ. ಯಾಕೆ ಹುಡುಕುತ್ತಿದ್ದಾರೆಂದೂ ನನಗೆ ಅಂದಾಜಿತ್ತು. ಫೋನು ಎತ್ತಲಿಲ್ಲ. ಬಡಿದುಕೊಳ್ಳಲಿ ಎಂದು ಕೈಯಲ್ಲೇ ಹಿಡಿದು ನಿಂತೆ. ಅವರ ಕೊಠಡಿಯ ಬೆಲ್ಲು ಬಡಿದುಕೊಂಡ ಮರುಕ್ಷಣ ಎದ್ದು ಓಡಿದ ವರ್ಷಗಳನ್ನು ನೆನೆದರೆ, ಆ ಸದ್ದು ಕೇಳುತ್ತಾ ಸುಮ್ಮನೆ ನಿಲ್ಲುವುದರಲ್ಲಿ ಒಂದು ಸುಖವಿತ್ತು. ಇಲ್ಲ ಎಂದು ಸುಳ್ಳು ಹೇಳಲಾರೆ.

ನಾನು ಹಿರಿಯೂರಿನ ಕಡೆಯವಳು. ಸ್ಟೆನೋಗ್ರಾಫರ್ ಪರೀಕ್ಷೆ ಪಾಸು ಮಾಡಿ ಇಪ್ಪತ್ಮೂರನೇ ವಯಸ್ಸಿಗೆ ದೆಹಲಿಗೆ ಬಂದು, ಕೇಂದ್ರದ ಒಂದು ಸಚಿವಾಲಯದಲ್ಲಿ ಕೂತವಳು ಇನ್ನೂ ಎದ್ದಿಲ್ಲ. ದೊಡ್ಡ ಅಧಿಕಾರಿಯ ಕೊಠಡಿಯ ಹೊರಗೆ ಒಂದು ಸಣ್ಣ ಕೋಣೆ ಇರುತ್ತದಲ್ಲ, ಬಂದವರನ್ನು ಕೂರಿಸಿ ಫೋನು ಎತ್ತುವ ಕೋಣೆ, ಮೂರು ವರ್ಷದ ಹಿಂದಿನವರೆಗೂ ಅದೇ ನನ್ನ ಸಂಸಾರ. ಒಳಗೆ ಸಾಹೇಬರಿಗೆ ಎ.ಸಿ., ಹೊರಗೆ ನನಗೆ ಕಿಟಕಿಯಲ್ಲಿ ಒಂದು ಕೂಲರು. ಆ ಕೂಲರಿಗೆ ಲಾವಂಚ.

ಚಂದ್ರಶೇಖರ್ ಸರ್ ಮೈಸೂರಿನವರು. ಅವರು ನಮ್ಮ ವಿಭಾಗಕ್ಕೆ ಜಂಟಿ ಕಾರ್ಯದರ್ಶಿಯಾಗಿ ಬರುತ್ತಾರೆ ಎಂದು ಗೊತ್ತಾದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದ್ದೆ. "ನಮ್ಮವರು ಬರ್ತಿದ್ದಾರೆ ಕಣ್ರೀ" ಎಂದು ಗಂಡನ ಮುಂದೆ ಕುಣಿದಿದ್ದೆ. ನನ್ನ ಗಂಡ ಮಂಜುನಾಥ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವರು ಪಾಯಸ ತಿಂದು, "ನಮ್ಮವರು ಅಂದ್ರೆ ಎರಡು ಪಟ್ಟು ಕೆಲಸ, ನೋಡ್ತಿರು" ಎಂದರು. ಲೆಕ್ಕದ ಮೇಷ್ಟ್ರ ಲೆಕ್ಕ ತಪ್ಪಲಿಲ್ಲ. ಸಾಹೇಬರು ಕೆಲಸದ ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಆಡುತ್ತಿದ್ದರು, ಬೈಯುವುದನ್ನು ಹಿಂದಿಯಲ್ಲಿ. ಕನ್ನಡ ಬಂತೆಂದರೆ ಸ್ವಂತದ ಕೆಲಸ ಬಂತು ಎಂದೇ ಅರ್ಥ. "ಗಿರಿಜಾ, ಒಂದು ಸಣ್ಣ ಕೆಲಸ ಇತ್ತಲ್ಲ" ಎಂದು ಮೃದುವಾಗಿ ಶುರುವಾದರೆ, ಅದು ಮಗನ ಕಾಲೇಜಿನ ಅರ್ಜಿ ಇರಬಹುದು, ಭಾವಮೈದುನನ ರೈಲು ಟಿಕೆಟ್ ಇರಬಹುದು, ಕ್ಲಬ್ಬಿನಲ್ಲಿ ಓದುವ ಭಾಷಣ ಇರಬಹುದು. ನಾನು ಅದನ್ನೂ ನಗುನಗುತ್ತ ಮಾಡುತ್ತಿದ್ದೆ. ಅವರು ಆಡುವ ಕನ್ನಡವೇ ಸಂಬಳದ ಮೇಲಿನ ಭತ್ಯೆ ಎಂಬಂತೆ.

ನಗುನಗುತ್ತ ಎಂದೆ, ಅದೂ ಪೂರ್ತಿ ನಿಜವಲ್ಲ. ನನ್ನದು ದೊಡ್ಡ ನಗು. ನಮ್ಮ ಮನೆಯ ಹೆಂಗಸರೆಲ್ಲ ಹಾಗೇ, ಓಣಿಗೆ ಕೇಳುವ ಹಾಗೆ ನಗುತ್ತೇವೆ. ಸಾಹೇಬರು ಬಂದ ಹೊಸತರಲ್ಲಿ ಒಂದು ದಿನ ಕಮಲೇಶ್ ಏನೋ ಹೇಳಿದಳೆಂದು ನಾನು ನಕ್ಕಾಗ ಬಾಗಿಲು ತೆರೆದು ಬಂದು, "ಸ್ವಲ್ಪ ಮೆಲ್ಲಗೆ ಗಿರಿಜಾ, ಇದು ಆಫೀಸು" ಎಂದರು. ಅಷ್ಟೇ. ಅಂದಿನಿಂದ ನಾಲ್ಕು ವರ್ಷ ನಾನು ಆ ಕೋಣೆಯಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕೆ. ಯಾರೂ ಹಿಡಿ ಎಂದಿರಲಿಲ್ಲ. ನಾನೇ ಹಿಡಿದೆ. ಅವರಿಂದ ಒಂದೇ ಒಂದು ಸಲ, "ಚೆನ್ನಾಗಿ ಮಾಡಿದ್ದೀರಿ" ಎಂದು ಕೇಳಬೇಕಿತ್ತು ನನಗೆ. ಆ ಆಸೆಗೆ ನನ್ನ ನಗುವನ್ನು ಅಡವಿಟ್ಟಿದ್ದೆ.

ಅವರು ಬಂದ ಮೂರನೆಯ ವರ್ಷ ಏಪ್ರಿಲಿನಲ್ಲಿ ಬಿಸಿಲು ಬೇಗ ಬಂತು. ಯಮುನೆಯ ಸೇತುವೆ ದಾಟುವಾಗ ಮೆಟ್ರೋದ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಸರಕಾರಿ ಕಚೇರಿಯಲ್ಲಿ ಏಪ್ರಿಲ್ ಎಂದರೆ ಸಿ.ಆರ್. ತಿಂಗಳು. ವರ್ಷವಿಡೀ ಯಾರು ಏನು ಮಾಡಿದರು ಎಂದು ಬರೆದು, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ಗುಪ್ತ ವರದಿ ಅದು. ಈಗ ಅದಕ್ಕೊಂದು ಉದ್ದನೆಯ ಹೊಸ ಹೆಸರಿದೆ, ಗುಪ್ತವೂ ಅಲ್ಲ, ಎಲ್ಲವೂ ಕಂಪ್ಯೂಟರಿನಲ್ಲಿ. ನಾವು ಹಳಬರು ಇನ್ನೂ ಸಿ.ಆರ್. ಎನ್ನುತ್ತೇವೆ. ಮೊದಲು ಪ್ರತಿಯೊಬ್ಬರೂ ತಮ್ಮ ಸಾಧನೆಯನ್ನು ತಾವೇ ಬರೆಯಬೇಕು. ಆಮೇಲೆ ಮೇಲಿನವರು ಅಭಿಪ್ರಾಯ ಬರೆದು ಅಂಕ ಹಾಕಬೇಕು. ಇದು ನಿಯಮ. ರೂಢಿ ಬೇರೆ. ಸಾಹೇಬರ ಸಾಧನೆಯನ್ನು ನಾನು ಬರೆಯುತ್ತಿದ್ದೆ. ಸಾಹೇಬರು ಕೈಕೆಳಗಿನವರ ಬಗ್ಗೆ ಬರೆಯಬೇಕಾದ ಅಭಿಪ್ರಾಯವನ್ನೂ ನಾನೇ ಬರೆಯುತ್ತಿದ್ದೆ. "ನೀವೇ ಏನಾದ್ರೂ ಹಾಕಿಬಿಡಿ ಗಿರಿಜಾ, ನಾನು ಒಮ್ಮೆ ನೋಡ್ತೀನಿ" ಎನ್ನುತ್ತಿದ್ದರು. ಕನ್ನಡದಲ್ಲಿ.

ಆ ವರ್ಷದ ಸಿ.ಆರ್. ನನಗೆ ಮುಖ್ಯವಾಗಿತ್ತು. ನನ್ನ ಬಡ್ತಿಯ ಸರದಿ ಬಂದಿತ್ತು. ಅಂಕ ತೀರಾ ಕೆಳಗಿಳಿಯದಿದ್ದರೆ ಆದೇಶ ಕೈಗೆ. ನಾನು ಎಲ್ಲರಿಗೂ ಧಾರಾಳವಾಗಿ ಬರೆದೆ. ಫೈಲು ಕಳೆದುಹಾಕುವ ಗುಮಾಸ್ತನಿಗೂ ಒಂಬತ್ತು ಕೊಟ್ಟೆ, ಪಾಪ, ಮಗಳ ಮದುವೆ ಎಂದು ಓಡಾಡಿಕೊಂಡಿದ್ದ. ಕೊನೆಗೆ ನನ್ನ ಹಾಳೆ ಬಂತು. ಅಲ್ಲಿ ಕೈ ನಿಂತಿತು. ನನ್ನನ್ನು ನಾನೇ ಹೊಗಳಿಕೊಳ್ಳುವುದೆಂದರೆ ಹೇಗೆ? "ಕೆಲಸ ತೃಪ್ತಿಕರ. ಹೇಳಿದ್ದನ್ನು ಮಾಡುತ್ತಾರೆ" ಎಂದು ಎರಡು ಸಾಲು ಬರೆದು, ಆರು ಅಂಕ ಹಾಕಿದೆ.

ಇದು ದಡ್ಡತನ ಎನ್ನುವವರು ನಮ್ಮ ಊರಿನ ಪಂಕ್ತಿಯಲ್ಲಿ ಕೂತು ಉಂಡವರಲ್ಲ. ಎಲೆಯ ಮುಂದೆ ಕೂತವರು ಅಂಗೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನಬೇಕು. ಬಡಿಸುವವರು "ಇಷ್ಟಕ್ಕೇ ಸಾಕಾ? ಚೆನ್ನಾಗಿದೆಯಲ್ಲ!" ಎಂದು ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಇಳಿಸಬೇಕು. ಎರಡೂ ಕಡೆಯವರಿಗೆ ಇದು ಗೊತ್ತು. ಬೇಕು ಎಂದು ಬಾಯಿಬಿಟ್ಟು ಕೇಳುವವನು ಹೊಟ್ಟೆಬಾಕ. ಸಾಕು ಎಂದವನ ಎಲೆಯನ್ನು ಖಾಲಿ ಬಿಟ್ಟು ಮುಂದೆ ಹೋಗುವವನು ಮನೆತನ ಇಲ್ಲದವನು. ನಾನು ಆರು ಎಂದು ಬರೆದದ್ದು ಅಂಗೈ ಅಡ್ಡ ಹಿಡಿದ ಹಾಗೆ. ಸಾಹೇಬರು ಅದನ್ನು ನೋಡಿ, "ಏನ್ರೀ ಇದು ಗಿರಿಜಾ!" ಎಂದು ಹೊಡೆದುಹಾಕಿ, ತಮ್ಮ ಕೈಯಿಂದ ಒಂದು ಒಳ್ಳೆಯ ಮಾತು ಬರೆಯುತ್ತಾರೆ ಎಂದುಕೊಂಡೆ. ಅವರು ಬರೆಯುವ ಆ ಮಾತು ಏನಿರಬಹುದು ಎಂದು ಮೆಟ್ರೋದಲ್ಲಿ ನಿಂತು ಯೋಚಿಸುತ್ತಾ ಒಂದು ದಿನ ನಮ್ಮ ಸ್ಟೇಷನ್ನೇ ದಾಟಿಹೋದೆ. ಸಾಹೇಬರು ಕನ್ನಡದವರು. ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಈಗಿನ ಸಹಿಗೆ ಪೆನ್ನು ಬೇಡ. ಸಾಹೇಬರ ಮೊಬೈಲಿಗೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅದನ್ನು ಕಂಪ್ಯೂಟರಿಗೆ ಒತ್ತಿದರೆ ಸಹಿ ಬಿತ್ತು. ಒಂದು ಮಧ್ಯಾಹ್ನ ಅವರು ಒಳಗಿನಿಂದಲೇ ಆ ಸಂಖ್ಯೆ ಹೇಳುತ್ತಾ ಹೋದರು, ನಾನು ಹೊರಗೆ ಕೂತು ಒತ್ತುತ್ತಾ ಹೋದೆ. ನನ್ನ ಹಾಳೆಯ ಸರದಿ ಬಂದಾಗ ಕೇಳಿದೆ: "ಸರ್, ಇದು ನಂದು. ಒಮ್ಮೆ ನೋಡ್ತೀರಾ?"

"ನೀವು ಬರೆದ ಮೇಲೆ ಸರಿಯಾಗೇ ಇರುತ್ತೆ, ಹಾಕಿ" ಎಂದರು.

ನೋಡಿ, ಆ ಮಾತನ್ನೇ ನಾನು ಹೊಗಳಿಕೆ ಎಂದುಕೊಂಡೆ! ನೋಡಿಯೇ ಇರುತ್ತಾರೆ, ಆಮೇಲೆ ತಮ್ಮ ಲಾಗಿನ್ನಿನಲ್ಲಿ ತಿದ್ದುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆ ಕೂಲರಿನ ಗಾಳಿಯಲ್ಲಿ, ಆ ಲಾವಂಚದ ವಾಸನೆಯಲ್ಲಿ, ನನ್ನ ಕೈಯಾರೆ ನನ್ನ ಆರು ಅಂಕವನ್ನು ಒತ್ತಿ ಕಳಿಸಿದೆ.

ಮಳೆಗಾಲದ ಅಧಿವೇಶನ ಶುರುವಾಯಿತು. ಸಂಸತ್ತು ನಡೆಯುವಾಗ ನಮ್ಮ ಕಚೇರಿಗೆ ಹೊತ್ತುಗೊತ್ತು ಇರುವುದಿಲ್ಲ. ಪ್ರಶ್ನೆ ಬಂದರೆ ಉತ್ತರ ಹೋಗಲೇಬೇಕು. ಹನ್ನೆರಡು ಕಡೆಯಿಂದ ಮಾಹಿತಿ ತರಿಸಿ, ಕರಡು ಮಾಡಿ, ತಿದ್ದಿ, ಸಾಹೇಬರ ಮುಂದಿಟ್ಟರೆ ಅವರು ಕೊನೆಯ ಪುಟ ತಿರುಗಿಸಿ ಸಹಿ ಹಾಕುತ್ತಿದ್ದರು. ಮೇಲಿನಿಂದ ಶಹಬ್ಬಾಸ್ ಅವರಿಗೆ ಬರುತ್ತಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹೋಗಲಿ, ಅದು ಕೆಲಸ. ಆದರೆ ಜುಲೈನ ಒಂದು ಶುಕ್ರವಾರ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಅಂದು ನನ್ನ ಮಗಳು ಸಿಂಚನಾಳ ಶಾಲೆಯ ಖೋಖೋ ಫೈನಲ್. ಅವಳಾಗ ಹತ್ತನೇ ಕ್ಲಾಸು. ನಾಲ್ಕು ಗಂಟೆಗೆ ಹೊರಡುತ್ತೇನೆ ಎಂದು ಬೆಳಿಗ್ಗೆಯೇ ಹೇಳಿ, ಬ್ಯಾಗು ಹೆಗಲಿಗೆ ಹಾಕಿದ್ದೆ. "ಗಿರಿಜಾ, ಒಂದು ಸಣ್ಣ ಕೆಲಸ ಇತ್ತಲ್ಲ." ಅವರ ಭಾವನ ಅರವತ್ತನೇ ಹುಟ್ಟುಹಬ್ಬಕ್ಕೆ ಒಂದು ಭಾಷಣ. ನಾನು ಬ್ಯಾಗು ಇಳಿಸಿದೆ. ಆಗುವುದಿಲ್ಲ ಎನ್ನದಂತೆ ನನ್ನ ಬಾಯಿಗೆ ಯಾರೂ ಬಟ್ಟೆ ತುರುಕಿರಲಿಲ್ಲ, ಇದನ್ನೂ ಹೇಳಿಬಿಡುತ್ತೇನೆ.

ಮನೆಗೆ ಹೋದಾಗ ಸಿಂಚನಾ ಮಂಡಿಗೆ ಔಷಧಿ ಹಚ್ಚಿಕೊಳ್ಳುತ್ತಿದ್ದಳು. ಗೆದ್ದಿದ್ದರು. "ಸಾರಿ ಕಣೇ, ಸರ್ ತಡೆದುಬಿಟ್ಟರು" ಎಂದೆ.

"ಅಮ್ಮಾ, ಉನ್ಕೋ ಫರಕ್ ಹೀ ನಹೀ ಪಡ್ತಾ" ಎಂದಳು. ಅವರಿಗೆ ನೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆಮೇಲೆ ತನಗೆ ಬರುವಷ್ಟು ಕನ್ನಡದಲ್ಲಿ, "ನೀನು ಅವರ ಹತ್ರ ಸ್ಟಾರ್ ಕೇಳ್ತಿದೀಯ. ನರ್ಸರಿ ಮಕ್ಕಳ ಥರ" ಎಂದಳು. ನಾನು ಅವಳಿಗೆ ಬೈದೆ. ಸತ್ಯ ಹೇಳಿದವರಿಗೆ ಬೈಯುವುದು ಸುಲಭ, ಅದರಲ್ಲೂ ಅವರು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರಾದರೆ.

ಸೆಪ್ಟೆಂಬರಿನಲ್ಲಿ ಸಿ.ಆರ್. ನಮಗೆ ನೋಡಲು ತೆರೆದರು. ನನ್ನದು ತೆರೆದೆ. ಕೆಲಸ ತೃಪ್ತಿಕರ. ಹೇಳಿದ್ದನ್ನು ಮಾಡುತ್ತಾರೆ. ಆರು. ಒಂದು ಅಕ್ಷರ ಬದಲಾಗಿರಲಿಲ್ಲ. ಫೈಲು ಕಳೆಯುವ ಗುಮಾಸ್ತನಿಗೆ ಒಂಬತ್ತೇ ಇತ್ತು. ಕಾಲಿನಿಂದ ನೆತ್ತಿಯವರೆಗೆ ನನಗೆ ಬೆಂಕಿ ಬಿತ್ತು. ಬಾಗಿಲು ತಟ್ಟದೆ ಒಳಗೆ ಹೋದೆ, ಮೊದಲನೇ ಸಲ.

"ಸರ್, ನನಗೆ ಆರು ಬಂದಿದೆ."

"ಹೌದಾ?" ಕನ್ನಡಕ ಏರಿಸಿದರು. "ಯಾರು ಬರೆದದ್ದು?"

"ನಾನೇ ಬರೆದಿದ್ದೆ ಸರ್, ನೀವು ಒಮ್ಮೆ ನೋಡ್ತೀನಿ ಅಂದಿದ್ರಿ. ನನ್ನ ಬಗ್ಗೆ ನಾನೇ ಹೇಗೆ ಸರ್ ಜಾಸ್ತಿ ಹಾಕಿಕೊಳ್ಳಲಿ? ಈಗ ಇದರ ಮೇಲೆ ಮನವಿ ಕೊಡೋದಕ್ಕೆ ಹದಿನೈದು ದಿನ ಇದೆ. ನೀವು ಒಂದು ಸಾಲು ಬರೆದುಕೊಟ್ಟರೆ..."

ಅವರು ನಕ್ಕರು. ಜೋರಾಗಿಯೇ ನಕ್ಕರು, ಅವರಿಗೆ ಆಫೀಸು ಎಂದು ಹೇಳುವವರು ಯಾರು? "ನಾನು ಬರೆದದ್ದು ತಪ್ಪು ಅಂತ ನಾನೇ ಬರೆದುಕೊಡಲಾ? ಚೆನ್ನಾಗಿರುತ್ತೆ! ಸಹಿ ನನ್ನದಿರಬಹುದು ಗಿರಿಜಾ, ಮಾತು ನಿಮ್ಮದೇ ಅಲ್ವಾ? ನಿಮ್ಮ ಬಗ್ಗೆ ನಿಮಗೇ ಅಷ್ಟು ಅಭಿಪ್ರಾಯ ಇದ್ದರೆ ನಾನೇನು ಮಾಡಲಿ?"

ಹಾಗೆಂದು ಫೋನು ಕೈಗೆತ್ತಿಕೊಂಡರು. ನಾನು ಹೊರಗೆ ಬಂದು ಕೂಲರಿನ ಮುಂದೆ ನಿಂತೆ. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಪೂರ್ತಿ ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಬಡ್ತಿಯ ಪಟ್ಟಿ ನವೆಂಬರಿನಲ್ಲಿ, ಹೊಗೆ ಕವಿದು ಎದುರಿನ ಕಟ್ಟಡವೇ ಕಾಣದ ದಿನ ಬಂತು. ನನಗಿಂತ ಐದು ವರ್ಷ ಕಿರಿಯಳ ಹೆಸರಿತ್ತು. ನನ್ನದಿರಲಿಲ್ಲ.

ಆ ಚಳಿಗಾಲವನ್ನು ನಾನು ದ್ವೇಷದ ಶಾಖದಲ್ಲೇ ಕಳೆದೆ. ಮಂಜುನಾಥ "ತಾಳಿದವನು ಬಾಳಿಯಾನು" ಎಂದರು. ಇನ್ನೊಂದು ಸಲ ಆ ಗಾದೆ ಹೇಳಿದರೆ ಊಟ ಇಲ್ಲ ಎಂದೆ. ನನ್ನ ಸೇಡು ಶುರುವಾಯಿತು. ಸಾಹೇಬರ ಚಹಾಕ್ಕೆ ಶುಂಠಿ ಹಾಕಬೇಡ ಎಂದು ಕ್ಯಾಂಟೀನಿನ ಭಯ್ಯಾನಿಗೆ ಹೇಳಿದೆ. ನಿವೃತ್ತ ಅಧಿಕಾರಿಯೊಬ್ಬರಿದ್ದರು, ಫೋನು ಮಾಡಿದರೆ ಮುಕ್ಕಾಲು ಗಂಟೆ ಕೊರೆಯುವವರು. ನಾಲ್ಕು ವರ್ಷ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂದು ನಾನು ತಡೆದವರು. ಅವರನ್ನು ದಿನವೂ ನೇರ ಒಳಗೆ ಕನೆಕ್ಟ್ ಮಾಡಿದೆ. ಕಣ್ಣುಮುಚ್ಚಿ ತೆಗೆದುಕೊಡಬಲ್ಲ ಫೈಲನ್ನು "ಹುಡುಕ್ತಾ ಇದ್ದೀನಿ ಸರ್" ಎಂದು ಅರ್ಧ ದಿನ ಹುಡುಕಿದೆ. ಒಂದು ದಿನ ಮಂತ್ರಿಗಳ ಸಭೆಗೆ ಹೊರಟಾಗ ಅವರ ಕೋಟಿನ ಬೆನ್ನಿಗೆ ಡ್ರೈಕ್ಲೀನಿಂಗಿನ ಚೀಟಿ ಪಿನ್ ಹಾಕಿಕೊಂಡೇ ಇತ್ತು. ನೋಡಿದೆ. ಹೇಳಲಿಲ್ಲ. ಆ ಗುಲಾಬಿ ಚೀಟಿ ಕಾರಿಡಾರಿನ ಕೊನೆಯವರೆಗೆ ಹೋಗುವುದನ್ನು ನೋಡುತ್ತಾ ನಿಂತೆ.

ಇಷ್ಟೆಲ್ಲ ಮಾಡಿದರೂ ಅವರಿಗೆ ಒಂದೂ ಗೊತ್ತಾಗಲಿಲ್ಲ. ಶುಂಠಿ ಇಲ್ಲದ ಚಹಾ ಕುಡಿದರು. ಆ ನಿವೃತ್ತರ ಜೊತೆ ಸ್ಪೀಕರ್ ಹಾಕಿಕೊಂಡು ಪೇಪರ್ ಓದಿದರು. ಫೈಲು ತಡವಾದರೆ ಮನೆಗೆ ಬೇಗ ಹೋದರು. ನಾನು ಸಂಜೆ ಮನೆಯಲ್ಲಿ ಕೂತು, "ಇವತ್ತೂ ಅವರು ಗಮನಿಸಲಿಲ್ಲ" ಎಂದು ಗೊಣಗಿದಾಗ ಸಿಂಚನಾ ಪುಸ್ತಕದಿಂದ ತಲೆ ಎತ್ತದೆ, "ಅಚ್ಛಾ, ಈಗ ಬದಲಾಕ್ಕೂ ಸ್ಟಾರ್ ಬೇಕಾ ಅಮ್ಮಾ?" ಎಂದಳು. ಸೇಡಿಗೂ ಶಹಬ್ಬಾಸ್ ಬೇಕಾ ಅಂತ.

ಈ ಸಲ ಬೈಯಲಿಲ್ಲ. ಕೆಲಸ ಮಾಡಿದಾಗ ಅವರು ನೋಡಲಿ ಎಂದು ಮಾಡಿದೆ. ಕೆಲಸ ಕೆಡಿಸಿದಾಗಲೂ ಅವರು ನೋಡಲಿ ಎಂದೇ ಕೆಡಿಸಿದೆ. ಅವರ ಕಣ್ಣಿಲ್ಲದೆ ನನಗೆ ಸೇಡು ಕೂಡ ಸರಿಯಾಗಿ ತೀರಿಸಿಕೊಳ್ಳಲು ಬರುತ್ತಿರಲಿಲ್ಲ. ಅವರ ಮೇಲಿನ ಸಿಟ್ಟಿಗಿಂತ ಅಂದು ನನ್ನ ಮೇಲೆ ನನಗೆ ಬಂದ ಸಿಟ್ಟು ದೊಡ್ಡದು. ಮರುದಿನ ಕ್ಯಾಂಟೀನಿನ ಭಯ್ಯಾನಿಗೆ ಶುಂಠಿ ಹಾಕಲು ಹೇಳಿದೆ. ಐದೂವರೆಗೆ ಬ್ಯಾಗು ಹೆಗಲಿಗೇರಿಸಿದೆ. ಕನ್ನಡದ ಸಣ್ಣ ಕೆಲಸ ಬಂದಾಗ, "ಆಗಲ್ಲ ಸರ್, ಮನೆಗೆ ಹೋಗಬೇಕು" ಎಂದೆ. ಅವರು "ಸರಿ" ಎಂದು ಬೇರೆ ಯಾರನ್ನೋ ಕರೆದರು. ಅಷ್ಟೇ ಇತ್ತು ಅದು. ನಾಲ್ಕು ವರ್ಷ ನಾನು ಹೆದರಿದ್ದು ಆ ಒಂದು "ಸರಿ"ಗೆ.

ಆದರೆ ಸೇಡು ಬಿಟ್ಟೆ ಎಂದುಕೊಳ್ಳಬೇಡಿ. ಅಷ್ಟು ಒಳ್ಳೆಯವಳಲ್ಲ ನಾನು. ಮುಯ್ಯಿ ಬಾಕಿಯಿತ್ತು. ಅವರು ನೋಡಲಿ ಎನ್ನುವ ಆಸೆಯನ್ನಷ್ಟೇ ಬಿಟ್ಟೆ.

ಮತ್ತೆ ಏಪ್ರಿಲ್ ಬಂತು, ಕೂಲರಿಗೆ ಹೊಸ ಲಾವಂಚ ಬಂತು. "ಗಿರಿಜಾ, ನನ್ನ ಸಿ.ಆರ್. ನೀವೇ ಹಾಕಿಬಿಡಿ, ನಾನು ಒಮ್ಮೆ ನೋಡ್ತೀನಿ." ಇನ್ನು ಎರಡು ವರ್ಷಕ್ಕೆ ನಿವೃತ್ತರಾಗುವವರು, ಆಮೇಲೆ ಯಾವುದಾದರೂ ಆಯೋಗದಲ್ಲಿ ಕುರ್ಚಿ ಹಿಡಿಯಬೇಕೆಂದಿದ್ದವರು, ಕೊನೆಯ ವರ್ಷಗಳ ಸಿ.ಆರ್. ಹೊಳೆಯುತ್ತಿರಬೇಕು ಎಂದು ಅವರೇ ಹೇಳಿದರು. ನಾನು ಬಾಗಿಲು ಹಾಕಿಕೊಂಡು ಕೂತೆ. ಅವರ ಹೆಸರಿನಲ್ಲಿ, ಇಂಗ್ಲಿಷಿನಲ್ಲಿ, ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ಈ ವರ್ಷ ನನ್ನ ಕೊಠಡಿಯಿಂದ ಹೊರಟ ಎಲ್ಲ ಟಿಪ್ಪಣಿಗಳ ಕರಡನ್ನು ನನ್ನ ಸಿಬ್ಬಂದಿ ಬರೆದರು. ನಾನು ಕೊನೆಯ ಪುಟದಲ್ಲಿ ಸಹಿ ಮಾಡಿದೆ. ಸಂಸತ್ತಿನ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗುವಾಗ ನಾನು ಸಾಮಾನ್ಯವಾಗಿ ಮನೆಯಲ್ಲಿದ್ದೆ. ಕಚೇರಿಯ ಸಮಯದಲ್ಲಿ ನನ್ನ ಸಿಬ್ಬಂದಿಯಿಂದ ನನ್ನ ಕುಟುಂಬದ ಕೆಲಸಗಳನ್ನು ಮಾಡಿಸಿದ್ದೇನೆ. ಕೈಕೆಳಗಿನವರ ವಾರ್ಷಿಕ ವರದಿಗಳನ್ನು ಓದದೆ ಸಹಿ ಮಾಡಿದ್ದೇನೆ. ಈ ವರದಿಯನ್ನೂ ನಾನು ಬರೆದಿಲ್ಲ. ಓದಿಯೂ ಇಲ್ಲ. ಓದಿದ್ದರೆ ಈ ವಾಕ್ಯ ಇಲ್ಲಿ ಇರುತ್ತಿರಲಿಲ್ಲ."

ನಾಲ್ಕು ವರ್ಷದಲ್ಲಿ ಅವರಿಗಾಗಿ ನಾನು ಮಾಡಿದ ಕರಡುಗಳಲ್ಲಿ ಒಂದು ಸುಳ್ಳೂ ಇಲ್ಲದ ಕರಡು ಅದೊಂದೇ. ನನ್ನ ಹಾಳೆಯನ್ನೂ ಬರೆದೆ. ಏನು ಮಾಡಿದೆನೋ ಅದನ್ನೇ, ಸಾಲು ಸಾಲಾಗಿ, ಅಂಗೈ ಅಡ್ಡ ಹಿಡಿಯದೆ. ಒಂಬತ್ತು ಹಾಕಿಕೊಂಡೆ. ಹತ್ತನೆಯದನ್ನು ಬಿಟ್ಟದ್ದು ವಿನಯಕ್ಕಲ್ಲ, ನಾಲ್ಕು ವರ್ಷ ಬಾಯಿಗೆ ಸೆರಗು ಹಿಡಿದದ್ದಕ್ಕೆ.

ಕಳ್ಳತನದಲ್ಲಿ ಏನೂ ಮಾಡಲಿಲ್ಲ. ಅವರ ಹಾಳೆಯನ್ನು ಪ್ರಿಂಟು ತೆಗೆದು, ಮೇಲೆ "ದಯವಿಟ್ಟು ಓದಿ" ಎಂದು ದಪ್ಪಗೆ ಬರೆದು, ಮೇಜಿನ ನಡುವೆ ಇಟ್ಟೆ. ಎರಡು ದಿನ ಅಲ್ಲೇ ಇತ್ತು. ಎರಡನೆಯ ದಿನ ಅದರ ಮೇಲೆ ಚಹಾದ ಲೋಟ ಇಟ್ಟಿದ್ದರು. ಕಂದು ಬಣ್ಣದ ದುಂಡನೆಯ ಕಲೆ "ಓದಿ" ಎಂಬ ಅಕ್ಷರದ ಮೇಲೆಯೇ ಬಿದ್ದಿತ್ತು. ಮೂರನೆಯ ದಿನ ಏರ್‌ಪೋರ್ಟಿನಿಂದ ಫೋನು ಮಾಡಿದರು.

"ಇವತ್ತು ಕೊನೇ ದಿನ ಅಲ್ವಾ ಗಿರಿಜಾ, ನನ್ನದು ಹಾಕಿದ್ರಾ?"

"ನೀವು ಓದಿಲ್ಲ ಸರ್. ಒಮ್ಮೆ ಓದಿಬಿಡಿ. ಫೋನಿಗೆ ಕಳಿಸಲಾ?"

"ಬೋರ್ಡಿಂಗ್ ಆಗ್ತಿದೆ. ನೀವು ಬರೆದ ಮೇಲೆ ಸರಿಯಾಗೇ ಇರುತ್ತೆ. ನಂಬರ್ ಬಂದಿದೆ, ಬರ್ಕೊಳ್ಳಿ."

ಬರೆದುಕೊಂಡೆ. ಒತ್ತಿದೆ. ಸಹಿ ಬಿತ್ತು.

ಅದು ಮಹಡಿ ಮೇಲಿನ ದೊಡ್ಡ ಸಾಹೇಬರ ಬಳಿಗೆ ಹೋಯಿತು. ಅಲ್ಲಿನ ಹೊರಕೋಣೆಯಲ್ಲಿ ಕೂರುವವಳು ಕಮಲೇಶ್. ಅಲ್ಲೂ ರೂಢಿ ಅದೇ. ದೊಡ್ಡ ಸಾಹೇಬರ ಅಭಿಪ್ರಾಯ ಬರೆಯುವುದು ಅವಳ ಕೆಲಸ. ಜೂನಿನ ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಕೆಳಗಿಳಿದು ಬಂದವಳು ಬಾಗಿಲು ಹಾಕಿ ನನ್ನನ್ನೇ ನೋಡಿದಳು.

"ಗಿರಿಜಾ, ತೂ ಪಾಗಲ್ ಹೈ ಕ್ಯಾ?" ಹುಚ್ಚು ಹಿಡಿದಿದೆಯಾ ನಿನಗೆ?

"ಓದಿದೆಯಾ?"

"ಎರಡು ಸಲ." ಡಬ್ಬಿ ತೆರೆದು ಉಪ್ಪಿನಕಾಯಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ಅವಳ ಹಿಂದಿಯಲ್ಲಿ ಹೇಳಿದ್ದು ಇಷ್ಟು: ಪ್ರತಿವರ್ಷ ಎಲ್ಲರಿಗೂ ಬರೆಯುವ ಒಂದೇ ಸಾಲನ್ನು ಇದಕ್ಕೂ ಬರೆದಿದ್ದೇನೆ. 'ಅಧಿಕಾರಿಯು ತನ್ನ ಬಗ್ಗೆ ಹೇಳಿಕೊಂಡಿರುವುದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ.' ದೊಡ್ಡ ಸಾಹೇಬರು ಸಹಿ ಹಾಕಿ, ಒಂಬತ್ತೂವರೆ ಅಂಕವನ್ನೂ ಕೊಟ್ಟಾಯಿತು.

ನಾನು ನಕ್ಕೆ. ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಕಾರಿಡಾರಿನ ಆ ತುದಿಯಿಂದ ಯಾರೋ ಇಣುಕಿದರು. ಒಳಗಿನ ಬಾಗಿಲು ತೆರೆಯಿತು, ಚಂದ್ರಶೇಖರ್ ಸರ್ ನಿಂತಿದ್ದರು. "ಏನಾಯ್ತು ಗಿರಿಜಾ?" ಎಂದರು. "ಏನಿಲ್ಲ ಸರ್, ನಗು ಬಂತು" ಎಂದೆ, ನಗುತ್ತಲೇ. ಬಾಗಿಲು ಮುಚ್ಚಿಕೊಂಡರು. ಆ ವಾರವೇ ಅರ್ಜಿ ಕೊಟ್ಟು ಸಚಿವಾಲಯದ ಗ್ರಂಥಾಲಯಕ್ಕೆ ವರ್ಗ ಮಾಡಿಸಿಕೊಂಡೆ. ಬಡ್ತಿ ಎರಡು ವರ್ಷ ತಡವಾಗಿ ಅಲ್ಲಿಗೇ ಹುಡುಕಿಕೊಂಡು ಬಂತು. ಅಂದು ಮನೆಯಲ್ಲಿ ಪಾಯಸ ಮಾಡುವುದು ನೆನಪೇ ಆಗಲಿಲ್ಲ.

ಆ ಹಾಳೆ ಮಾತ್ರ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತೇ ಇತ್ತು. ಮೂರು ವರ್ಷ. ಯಾರಾದರೂ ಒಬ್ಬರು, ಎಂದಾದರೂ ಒಮ್ಮೆ, ಓದುತ್ತಾರೆ ಎಂದು ನಾನು ಕಾಯಲಿಲ್ಲ. ಕಾಯುವುದನ್ನು ಬಿಟ್ಟಿದ್ದೆನಲ್ಲ.

ಕರೋಲ್ ಬಾಗಿನಲ್ಲಿ ಫೋನು ಮೂರನೇ ಸಲ ಬಡಿದುಕೊಂಡಾಗ ಎತ್ತಿದೆ. ಒಂದು ರಿಕ್ಷಾಕ್ಕೆ ದಾರಿ ಬಿಟ್ಟು, ಒದ್ದೆ ತಟ್ಟಿಯ ಪಕ್ಕಕ್ಕೆ ಸರಿದು ನಿಂತೆ.

"ಗಿರಿಜಾ, ಚೆನ್ನಾಗಿದ್ದೀರಾ? ಮಗಳು ಹೇಗಿದ್ದಾಳೆ?" ಕನ್ನಡ. ಅಂದರೆ ಕೆಲಸ ಇದೆ.

"ಚೆನ್ನಾಗಿದ್ದೀವಿ ಸರ್. ಹೇಳಿ."

ಆಯೋಗದ ಸಂದರ್ಶನಕ್ಕೆ ಹೋಗಿದ್ದರಂತೆ. ಐದು ಜನ ಕೂತಿದ್ದರಂತೆ. ಅವರಲ್ಲೊಬ್ಬ ನಿವೃತ್ತ ನ್ಯಾಯಾಧೀಶರು. ಜೀವಮಾನವಿಡೀ ಕಾಗದ ಓದಿಯೇ ತೀರ್ಪು ಕೊಟ್ಟವರಿಗೆ ಓದುವ ಚಟ ಇರುತ್ತದೆ. ಅವರು ಆ ಹಾಳೆಯನ್ನು ಗಟ್ಟಿಯಾಗಿ ಓದಿದರಂತೆ, ಕೊನೆಯ ವಾಕ್ಯದವರೆಗೆ. "ಇದು ನಿಮ್ಮದೇ ಸಹಿಯೋ?" ಎಂದು ಕೇಳಿದರಂತೆ. ಒಬ್ಬರು ನೀರು ಕುಡಿಯುವ ನೆಪದಲ್ಲಿ ನಗು ನುಂಗಿದರಂತೆ. ನಾನು ಒಂದೊಂದು ಮಾತನ್ನೂ ನಿಧಾನವಾಗಿ ಕೇಳಿಸಿಕೊಂಡೆ.

"ನೀವು ಒಂದು ಪತ್ರ ಬರೆದುಕೊಡಿ ಗಿರಿಜಾ. ಅದು ನಿಮ್ಮ ಕಡೆಯಿಂದ ಆದ ತಪ್ಪು, ನನಗೆ ಗೊತ್ತಿರಲಿಲ್ಲ ಅಂತ. ಇನ್ನೂ ಪಟ್ಟಿ ಹೊರಗೆ ಬಂದಿಲ್ಲ."

"ಮಾತು ನನ್ನದಿರಬಹುದು ಸರ್. ಸಹಿ ನಿಮ್ಮದೇ ಅಲ್ವಾ?"

ತಮ್ಮ ಮಾತೇ ಅದು ಎಂದು ನೆನಪಾಯಿತೋ ಇಲ್ಲವೋ. ಆಮೇಲೆ ಅವರು ಬೇರೆ ದಾರಿ ಹಿಡಿದರು. "ನಿಮ್ಮ ಹಾಗೆ ಕೆಲಸ ಮಾಡೋರನ್ನ ನಾನು ನನ್ನ ಸರ್ವೀಸಿನಲ್ಲೇ ನೋಡಿಲ್ಲ ಗಿರಿಜಾ. ನಿಜ ಹೇಳ್ತೀನಿ. ನಾನು ಯಾವತ್ತೂ ನಿಮಗೆ ಹೇಳಲಿಲ್ಲ, ಹೇಳಬೇಕಿತ್ತು."

ಬಂತು. ಯಾವ ಮಾತಿಗಾಗಿ ನಾನು ಮೆಟ್ರೋದಲ್ಲಿ ಸ್ಟೇಷನ್ ದಾಟಿದ್ದೆನೋ, ಮಗಳ ಆಟ ಬಿಟ್ಟಿದ್ದೆನೋ, ಅದೇ ಮಾತು. ಎದೆಯಲ್ಲಿ ಏನಾದರೂ ಆಗುತ್ತದೆಯೋ ಎಂದು ಒಂದು ಕ್ಷಣ ನೋಡಿದೆ. ಏನೂ ಆಗಲಿಲ್ಲ. ಅಂಗಡಿಯವನು ಇಂಚುಪಟ್ಟಿ ಹಿಡಿದು, ಎಷ್ಟು ಅಗಲ ಎಂದು ಕಣ್ಣಲ್ಲೇ ಕೇಳುತ್ತಿದ್ದ.

"ಸಾಕು ಸರ್" ಎಂದೆ.

"ಇಲ್ಲ ಇಲ್ಲ, ಹೇಳಲೇಬೇಕು! ನಿಮ್ಮ ಡ್ರಾಫ್ಟಿಂಗ್, ನಿಮ್ಮ ನೆನಪು, ಇಡೀ ಸಚಿವಾಲಯದಲ್ಲೇ..." ಅವರು ಸೌಟಿನ ಮೇಲೆ ಸೌಟು ಸುರಿಯತೊಡಗಿದರು. ಕನ್ನಡದವರಲ್ಲವೇ, ಸಾಕು ಎಂದರೆ ಬಡಿಸಬೇಕೆಂದು ಗೊತ್ತಿತ್ತು ಅವರಿಗೆ. ಮೊದಲಿಂದಲೂ ಗೊತ್ತಿತ್ತು. ಸ್ವಲ್ಪ ಹೊತ್ತು ಬಡಿಸಲಿ ಎಂದು ಬಿಟ್ಟೆ. ಆಮೇಲೆ ಅವರ ಮಾತು ನಡುವಿನಲ್ಲಿರುವಾಗಲೇ ಫೋನು ಆರಿಸಿ, ಎಲೆ ಮಡಚಿ ಎದ್ದೆ.